ದಿಂಬಿನ ಕೆಳಗಿನ ಚಾಕು

ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರ ಸರ ಕಿತ್ತುಕೊಂಡು ಹೋದ ಮೇಲೆ, ಯಜಮಾನರು ಊರಲ್ಲಿಲ್ಲದ ರಾತ್ರಿ ತರಕಾರಿ ಹೆಚ್ಚುವ ಚಾಕುವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗುವುದು ನನಗೆ ರೂಢಿಯಾಗಿತ್ತು. ಚಾಕು ಇದೆಯಲ್ಲ ಅನ್ನೋ ಧೈರ್ಯ! ನಿಮ್ಮಲ್ಲೂ ಕೆಲವರು ಹೀಗೇ ಮಾಡ್ತಿರಬಹುದು.

ಮೊನ್ನೆ ನಾದಿನಿಯ ಮಗಳು ಬೆಂಗಳೂರಿನಿಂದ ಬಂದಿದ್ದಳು. ಅಲ್ಲಿ ಕೆಲಸದ ಜೊತೆಗೆ ಕಳರಿಪಯಟ್ಟು ಕಲಿಯುತ್ತಿದ್ದಾಳೆ. ಹಾಸಿಗೆ ಕೊಡವುವಾಗ ಚಾಕು ಕಂಡು, "ಅತ್ತೆ, ಇದು ಯಾರಿಗೆ?" ಅಂದಳು. "ಕಳ್ಳನಿಗೆ ಕಣೇ" ಅಂದೆ. ಅವಳು ಚಾಕು ಎತ್ತಿಟ್ಟು ನನ್ನ ಕೈಗೆ ಮರದ ಸೌಟು ಕೊಟ್ಟಳು. "ಎಲ್ಲಿ, ನನ್ನನ್ನು ಚುಚ್ಚಿ ನೋಡೋಣ."

ಕೈ ಚಾಚಿದ್ದಷ್ಟೇ ಗೊತ್ತು. ಪಕ್ಕಕ್ಕೆ ಸರಿದು, ಎರಡೂ ಕೈಯಿಂದ ನನ್ನ ಮಣಿಕಟ್ಟು ಹಿಡಿದು ತಿರುಚಿದಳು. ಸೌಟಿನ ತುದಿ ನನ್ನ ಹೊಟ್ಟೆಗೇ ತಾಗಿತ್ತು! "ನೋಡಿದ್ರಾ ಅತ್ತೆ, ಹಿಡಿತ ಗೊತ್ತಿಲ್ಲದವರ ಕೈಲಿರೋ ಚಾಕು ಎದುರಾಳಿಯದೇ" ಅಂದಳು. ಆ ಮಾತಿಗೆ ನನ್ನ ಎದೆ ಝಲ್ಲೆಂದಿತು.

ಕೇರಳದ ಈ ವಿದ್ಯೆಯಲ್ಲಿ ಮೊದಲು ಮೈ ಪಳಗಿಸುವ ಮೆಯ್ತಾರಿ, ಆಮೇಲೆ ಕೋಲಿನ ಕೋಲ್ತಾರಿ, ಅದಾದ ಮೇಲೆ ಕಠಾರಿ, ಕತ್ತಿಗಳ ಅಂಕತ್ತಾರಿ. ಕಡೆಗೆ ಬರಿಗೈಯ ಪಟ್ಟುಗಳು. ಅಂದರೆ ಆಯುಧ ಬಲ್ಲವರೇ ಆಯುಧವಿಲ್ಲದೆ ಅದನ್ನು ಎದುರಿಸುವುದನ್ನು ಕಲಿಯುತ್ತಾರೆ. ವಡಕರದ ಮೀನಾಕ್ಷಿ ಅಮ್ಮ ಏಳನೇ ವಯಸ್ಸಿಗೆ ಶುರು ಮಾಡಿ, ಎಪ್ಪತ್ತು ದಾಟಿದ ಮೇಲೂ ಸೀರೆ ಉಟ್ಟೇ ಕತ್ತಿ ಹಿಡಿದು ಕಲಿಸಿದವರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ನಮಗೆ ವರ್ಷಗಟ್ಟಲೆ ಕಲಿಯಲು ಪುರುಸೊತ್ತೆಲ್ಲಿ? ಹುಡುಗಿ ಹೇಳಿಕೊಟ್ಟಿದ್ದಿಷ್ಟು:

ಯಾರಾದರೂ ಮಣಿಕಟ್ಟು ಹಿಡಿದರೆ ನೇರ ಜಗ್ಗಬೇಡಿ. ಅವನ ಹೆಬ್ಬೆರಳೂ ಬೆರಳುಗಳೂ ಸೇರುವ ಸಂದೇ ಸಡಿಲ ಜಾಗ. ಮೊಣಕೈ ಮಡಿಸಿ, ಆ ಸಂದಿನ ಕಡೆಗೆ ಕೈ ತಿರುಗಿಸಿ ಥಟ್ಟನೆ ಎಳೆಯಿರಿ.

ಹಿಂದಿನಿಂದ ತಬ್ಬಿ ಹಿಡಿದರೆ ಮಂಡಿ ಬಗ್ಗಿಸಿ ಮೈಭಾರ ಕೆಳಗೆ ಬಿಡಿ. ಹಿಮ್ಮಡಿಯಿಂದ ಅವನ ಪಾದ ತುಳಿಯಿರಿ, ಗಟ್ಟಿಯಾಗಿ ಕೂಗಿ.

ಅವನ ಕೈಲಿ ಚಾಕು ಇದ್ದರೆ ಸರವನ್ನು ದೂರಕ್ಕೆ ಎಸೆದು, ಬೇರೆ ದಿಕ್ಕಿಗೆ ಓಡಿ. ಓಡಲು ದಾರಿಯಿಲ್ಲದಿದ್ದರೆ ಕುರ್ಚಿಯನ್ನೋ ದಿಂಬನ್ನೋ ಅಡ್ಡ ಹಿಡಿಯಿರಿ. ಚಾಕು ಕಸಿಯುವ ಸಾಹಸ ಬೇಡ. ಅವಳೇ ಹೇಳಿದಳು, "ನಿಜವಾದ ಚಾಕು ಕಂಡರೆ ನಾನೂ ಓಡೋದೇ ಅತ್ತೆ!"

ಮೊದಲೆರಡನ್ನು ಮಗಳ ಜೊತೆಗೋ ಪಕ್ಕದ ಮನೆಯವರ ಜೊತೆಗೋ ಮೆಲ್ಲಗೆ ಅಭ್ಯಾಸ ಮಾಡಿ. ಓದಿದರೆ ಕೈಗೆ ಬರೋದಿಲ್ಲ.

ಕಾನೂನಿನ ಮಾತೂ ಒಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಆದರೆ ರಕ್ಷಣೆಗೆ ಬೇಕಾದಷ್ಟೇ ಬಲ ಪ್ರಯೋಗಿಸಬೇಕು. ಓಡುತ್ತಿರುವ ಕಳ್ಳನ ಬೆನ್ನಿಗೆ ಇರಿದರೆ ಅದು ರಕ್ಷಣೆ ಅನ್ನಿಸಿಕೊಳ್ಳೋದು ಕಷ್ಟ.

ಈಗ ಚಾಕು ಅಡಿಗೆಮನೆಗೆ ಹೋಗಿದೆ. ದಿಂಬಿನ ಪಕ್ಕ ಟಾರ್ಚು ಮತ್ತು ಫೋನು. 112 ಒತ್ತಿದರೆ ಪೊಲೀಸರು ಸಿಗುತ್ತಾರೆ. ಚಿಲಕ ಹಾಕಿದೆನಾ ಅಂತ ಮಾತ್ರ ಎರಡು ಸಲ ಎದ್ದು ನೋಡುತ್ತೇನೆ. ನೀವೂ ಇವತ್ತು ರಾತ್ರಿ ದಿಂಬು ಎತ್ತಿ ನೋಡಿ, ಆಗದೇ?