ರೈಟ್ ಅವರ ಕಾಗದಪತ್ರ ಯಾವ ಊರಿಗೆ ಸೇರಬೇಕು?

ಅಮೆರಿಕದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ತೀರಿಕೊಂಡದ್ದು 1959ರಲ್ಲಿ. ಆಮೇಲೂ ಅರ್ಧ ಶತಮಾನ ಅವರ ಕಚೇರಿಯ ಕಾಗದಪತ್ರ ಅರಿಝೋನಾ ಮರುಭೂಮಿಯಲ್ಲಿ ಅವರ ನೆಲೆಯಾಗಿದ್ದ ಟ್ಯಾಲಿಯೆಸಿನ್ ವೆಸ್ಟ್‌ನಲ್ಲೇ ಇತ್ತು. ಸುಮಾರು 23,000 ನಕ್ಷೆ, 3 ಲಕ್ಷದಷ್ಟು ಪತ್ರ. 2012ರಲ್ಲಿ ಅದನ್ನೆಲ್ಲ ನ್ಯೂಯಾರ್ಕಿಗೆ ಒಪ್ಪಿಸುವುದೆಂದು ತೀರ್ಮಾನವಾಯಿತು. ನಕ್ಷೆ, ಪತ್ರಗಳು ಕೊಲಂಬಿಯಾ ವಿಶ್ವವಿದ್ಯಾಲಯದ ಏವರಿ ಗ್ರಂಥಾಲಯಕ್ಕೆ ಹೋದವು. ಕಟ್ಟಡಗಳ ಮಾದರಿಗಳು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯಕ್ಕೆ.

ಕಳಿಸಬಾರದಿತ್ತು ಎನ್ನುವವರ ಮಾತಿಗೆ ತೂಕವಿದೆ. 1949ರಲ್ಲಿ ಶಿಷ್ಯನಾಗಿ ಬಂದ ಬ್ರೂಸ್ ಬ್ರೂಕ್ಸ್ ಫೈಫರ್ ದಶಕಗಳ ಕಾಲ ಈ ಸಂಗ್ರಹವನ್ನು ಕಾಯ್ದರು. ಗುರುವಿನ ಜೊತೆ ಕೂತು ಕೆಲಸ ಮಾಡಿದವರಿಗೆ ಪತ್ರದ ಹಿಂದುಮುಂದು ಗೊತ್ತಿರುತ್ತದೆ. ಕಾಗದ ಊರು ಬಿಟ್ಟರೆ ಆ ನೆನಪು ಅದರ ಜೊತೆ ಗಾಡಿ ಹತ್ತುವುದಿಲ್ಲ.

ಆದರೆ ಈ ಪತ್ರಗಳು ಯಾರಿಗೆ ಬೇಕು ಎಂದೂ ಕೇಳಬೇಕಲ್ಲ? ಪೆನ್ಸಿಲ್ವೇನಿಯಾದಲ್ಲಿ ಜಲಪಾತದ ಮೇಲೆ ಕಟ್ಟಿದ ಫಾಲಿಂಗ್‌ವಾಟರ್ ಮನೆಯನ್ನೇ ನೋಡಿ. ನೀರಿನ ಮೇಲೆ ಚಾಚಿದ ಕಾಂಕ್ರೀಟ್ ಜಗಲಿಗಳು ನಿಲ್ಲುತ್ತವೆಯೇ ಎಂಬ ಅನುಮಾನ ಕಟ್ಟುವಾಗಲೇ ಹುಟ್ಟಿತ್ತು. ಮನೆ ಕಟ್ಟಿಸುತ್ತಿದ್ದ ಪಿಟ್ಸ್‌ಬರ್ಗ್‌ನ ವ್ಯಾಪಾರಿ ಎಡ್ಗರ್ ಕೌಫ್‌ಮನ್ ಬೇರೆ ಎಂಜಿನಿಯರುಗಳನ್ನು ವಿಚಾರಿಸಿದರು. ಅವರೂ ಅನುಮಾನವನ್ನೇ ಮುಂದಿಟ್ಟರು, ರೈಟ್ ಸಿಡಿದೆದ್ದರು. ಅವರಿಗೆ ತಿಳಿಯದಂತೆ ಹೆಚ್ಚುವರಿ ಕಬ್ಬಿಣ ಕಾಂಕ್ರೀಟಿನೊಳಗೆ ಸೇರಿತು. ಅಷ್ಟಾದರೂ ಜಗಲಿ 7 ಅಂಗುಲದವರೆಗೆ ಬಾಗಿತು. ಕೊನೆಗೆ 2002ರಲ್ಲಿ ಉಕ್ಕಿನ ಹಗ್ಗ ಬಿಗಿದು ಅದನ್ನು ಹಿಡಿದು ನಿಲ್ಲಿಸಬೇಕಾಯಿತು. ಬರೀ ನಕ್ಷೆ ನೋಡಿದವರಿಗೆ ಈ ಜಗ್ಗಾಟ ತಿಳಿಯುವುದಿಲ್ಲ. ಇಂಥದನ್ನು ಹೇಳುವುದು ಕಚೇರಿಯ ಪತ್ರವ್ಯವಹಾರ, ಲೆಕ್ಕದ ಹಾಳೆ. ಹಳೆಯ ಮನೆಯನ್ನು ರಿಪೇರಿ ಮಾಡಿಸುವವರಿಗೆ, ಕಲಿಯುವ ಹುಡುಗರಿಗೆ ಬೇಕಾದದ್ದೂ ಅದೇ.

ಕಾಗದ ಇದ್ದಲ್ಲೇ ಉಳಿದರೆ ಬೆಂಕಿಯ ಭಯವೂ ಸುಳ್ಳಲ್ಲ. ವಿಸ್ಕಾನ್ಸಿನ್‌ನಲ್ಲಿದ್ದ ರೈಟ್ ಅವರ ಮೊದಲ ಟ್ಯಾಲಿಯೆಸಿನ್‌ಗೆ 1914ರಲ್ಲಿ ಒಮ್ಮೆ, 1925ರಲ್ಲಿ ಇನ್ನೊಮ್ಮೆ ಬೆಂಕಿ ಬಿದ್ದಿತ್ತು. ಕಾಗದ ಕಾಯುವುದಕ್ಕೆ ಹದವಾದ ತಂಪು, ನುರಿತ ಸಿಬ್ಬಂದಿ, ವರ್ಷವರ್ಷವೂ ದುಡ್ಡು ಬೇಕು. ಇದನ್ನೆಲ್ಲ ರೈಟ್ ಅವರ ಹೆಸರಿನ ಒಂದು ಪ್ರತಿಷ್ಠಾನ ಒಂಟಿಯಾಗಿ ಹೊರುವುದು ಕಷ್ಟ. ಮೇಲಾಗಿ ರೈಟ್ ಗುರುವೆಂದು ನಂಬಿದ್ದ ಲೂಯಿ ಸಲಿವನ್ ಅವರ ನಕ್ಷೆಗಳು ಆಗಲೇ ಏವರಿಯಲ್ಲಿದ್ದವು. ಗುರುಶಿಷ್ಯರಿಬ್ಬರನ್ನೂ ಒಂದೇ ಸೂರಿನಡಿ ಓದಬಹುದು ಎನ್ನುವುದು ನನಗೆ ಸಣ್ಣ ಲಾಭವಾಗಿ ಕಾಣುವುದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ 2012ರ ತೀರ್ಮಾನವೇ ಸರಿ. ಆದರೆ ಟ್ಯಾಲಿಯೆಸಿನ್ ವೆಸ್ಟ್‌ಗೆ ಬರುವ ವಿದ್ಯಾರ್ಥಿ ಅಲ್ಲೇ ಕೂತು ಓದುವಂತೆ ಈ ಪತ್ರಗಳ ಒಂದೊಂದು ಪ್ರತಿ ಅಲ್ಲಿಯೂ ಇರಬೇಕು.