ಕಸಬು ಕಲಿಸುವ ಖರ್ಚು ಯಾರದು?

ಮನೆ ಕಟ್ಟಿಸುವವನ ಕಣ್ಣು ಸಾಮಾನ್ಯವಾಗಿ ಸಿಮೆಂಟು, ಕಬ್ಬಿಣ, ಇಟ್ಟಿಗೆಗಳ ಬೆಲೆಯ ಮೇಲೆಯೇ ಇರುತ್ತದೆ. ಆದರೆ ಗೋಡೆ ನೆಟ್ಟಗೆ ನಿಲ್ಲುವುದು ಇಟ್ಟಿಗೆಯ ಬೆಲೆಯಿಂದಲ್ಲ. ತೂಗುಗುಂಡನ್ನು ಇಳಿಬಿಟ್ಟು ಕರಣೆ ಆಡಿಸುವ ಕೈಯ ಅಭ್ಯಾಸದಿಂದ. ಆ ಅಭ್ಯಾಸ ಅಂಗಡಿಯಲ್ಲಿ ದೊರೆಯುವ ಸರಕಲ್ಲ. ಯಾರೋ ಒಬ್ಬರು ಅದನ್ನು ಕಲಿಸಿರಬೇಕು. ಕಲಿಸುವಾಗ ಹಾಳಾದ ಗಾರೆಯನ್ನೂ, ಕೆಡವಿ ಮತ್ತೆ ಕಟ್ಟಿದ ಗೋಡೆಯನ್ನೂ, ಕಳೆದುಹೋದ ಹೊತ್ತನ್ನೂ ತನ್ನ ಲೆಕ್ಕಕ್ಕೆ ಬರೆದುಕೊಂಡಿರಬೇಕು. ಈ ಲೆಕ್ಕವನ್ನು ತೀರಿಸಬೇಕಾದವರು ಯಾರು?

ಕಟ್ಟಡದ ಕಸಬಿನಲ್ಲಿ ಈ ಪ್ರಶ್ನೆ ವಿಶೇಷವಾಗಿ ತೊಡಕಿನದು. ಒಬ್ಬ ಗುತ್ತಿಗೆದಾರ ಹುಡುಗನೊಬ್ಬನನ್ನು ಸೇರಿಸಿಕೊಂಡು ಮೂರು ವರ್ಷ ಕೂಲಿ ಕೊಟ್ಟು ಕೆಲಸ ಕಲಿಸುತ್ತಾನೆ. ಹುಡುಗನ ಕೈ ಕುದುರುವ ಹೊತ್ತಿಗೆ, ಯಾರಿಗೂ ಏನೂ ಕಲಿಸದ ಮತ್ತೊಬ್ಬ ಗುತ್ತಿಗೆದಾರ ದಿನಕ್ಕೆ ನಾಲ್ಕು ಕಾಸು ಹೆಚ್ಚಿಗೆ ಕೊಟ್ಟು ಅವನನ್ನು ಕರೆದೊಯ್ಯುತ್ತಾನೆ. ಹುಡುಗನದು ತಪ್ಪಲ್ಲ, ಹೆಚ್ಚಿನ ಕೂಲಿ ಸಿಕ್ಕುವಲ್ಲಿಗೆ ಹೋಗುವುದು ಅವನ ಹಕ್ಕು. ಆದರೆ ಒಬ್ಬನು ನೀರೆರೆದ ಗಿಡದ ಹಣ್ಣು ಪ್ರತಿಸಲವೂ ಪಕ್ಕದ ಮನೆಯ ಅಂಗಳದಲ್ಲಿಯೇ ಬೀಳುವುದಾದರೆ, ನೀರೆರೆಯುವ ಉತ್ಸಾಹ ಎಷ್ಟು ದಿನ ಉಳಿದೀತು? ಕಡೆಗೆ ಎಲ್ಲರೂ ಇನ್ನೊಬ್ಬನು ಕಲಿಸಲಿ ಎಂದು ಕಾಯುತ್ತಾರೆ; ಕಲಿಸುವವರು ಯಾರೂ ಇಲ್ಲದೆ ಹೋಗುತ್ತಾರೆ.

ಬ್ರಿಟನ್ ದೇಶವು ಈ ರೋಗಕ್ಕೆ 1964ರಲ್ಲಿ ಒಂದು ಮದ್ದನ್ನು ಕಂಡುಹಿಡಿಯಿತು. ಆ ವರ್ಷ ಜಾರಿಗೆ ಬಂದ ಔದ್ಯೋಗಿಕ ತರಬೇತಿ ಕಾಯ್ದೆಯಂತೆ ಒಂದೊಂದು ಉದ್ಯಮಕ್ಕೂ ಒಂದೊಂದು ತರಬೇತಿ ಮಂಡಲಿಯನ್ನು ಸ್ಥಾಪಿಸಲು ಅವಕಾಶವಾಯಿತು. ಮೊದಲಲ್ಲಿಯೇ ಹುಟ್ಟಿದವುಗಳಲ್ಲಿ ನಿರ್ಮಾಣ ಉದ್ಯಮದ ಮಂಡಲಿಯೂ ಒಂದು. ಅದರ ತತ್ತ್ವ ಬಹು ಸರಳ. ಉದ್ಯಮದ ಮಾಲೀಕರೆಲ್ಲರೂ ತಾವು ಕೊಡುವ ಸಂಬಳದ ಮೊತ್ತಕ್ಕೆ ಅನುಗುಣವಾಗಿ ವಂತಿಗೆ ಸಲ್ಲಿಸಬೇಕು. ಹಾಗೆ ಕೂಡಿದ ನಿಧಿಯಿಂದ, ಕೆಲಸ ಕಲಿಸುವ ಮಾಲೀಕರಿಗೆ ಸಹಾಯಧನ ಸಲ್ಲಬೇಕು. ಕಲಿಸದವನೂ ವಂತಿಗೆ ತೆತ್ತೇ ತೀರಬೇಕಾದುದರಿಂದ, ಪರರು ಕಲಿಸಿದ ಕೈಯನ್ನು ಪುಕ್ಕಟೆಯಾಗಿ ಪಡೆಯುವ ದಾರಿ ಮುಚ್ಚಿತು. ನಾರ್ಫೋಕ್ ಪ್ರಾಂತದ ಬರ್ಚಮ್ ನ್ಯೂಟನ್ ಎಂಬಲ್ಲಿ ವಾಯುಸೇನೆ ಬಿಟ್ಟುಹೋದ ಹಳೆಯ ವಿಮಾನನಿಲ್ದಾಣವನ್ನು ಮಂಡಲಿಯು 1966ರಲ್ಲಿ ವಹಿಸಿಕೊಂಡು ಕಟ್ಟಡ ಕೆಲಸದ ಪಾಠಶಾಲೆಯನ್ನಾಗಿ ಮಾಡಿತು.

ಒಳ್ಳೆಯ ತತ್ತ್ವಕ್ಕೆ ನಿರಾತಂಕವಾದ ಬಾಳು ದೊರೆಯಲೇಬೇಕೆಂಬ ನಿಯಮವಿಲ್ಲ. 1980ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರವು, ತರಬೇತಿಯನ್ನು ಆಯಾ ಉದ್ಯಮಗಳ ಸ್ವಂತ ಇಚ್ಛೆಗೆ ಬಿಡಬೇಕೆಂದು ನಿರ್ಧರಿಸಿ ಬಹುಪಾಲು ಮಂಡಲಿಗಳನ್ನು ರದ್ದುಪಡಿಸಿತು. ನಿರ್ಮಾಣ ಉದ್ಯಮದ್ದು ಉಳಿಯಿತು. ಅದಕ್ಕೆ ಕಾರಣವೂ ಆ ಉದ್ಯಮದ ಸ್ವಭಾವದಲ್ಲಿಯೇ ಇದೆ. ಕಾರ್ಖಾನೆಯಲ್ಲಿ ಕಲಿತವನು ಅಲ್ಲಿಯೇ ನಾಲ್ಕಾರು ವರ್ಷ ಇದ್ದಾನು; ಕಟ್ಟಡದಲ್ಲಿ ಕಲಿತವನಾದರೋ ಕೆಲಸ ಮುಗಿದೊಡನೆ ಮುಂದಿನ ಊರಿಗೆ ಹೊರಡಬೇಕು. ಚದುರಿಹೋಗುವವರಿಗೆ ಕಲಿಸುವ ಭಾರವನ್ನು ಒಬ್ಬನೇ ಹೊರಲಾರ.

ಈ ವ್ಯವಸ್ಥೆಯ ದೊಡ್ಡ ಪರೀಕ್ಷೆ 2017ರಲ್ಲಿ ಬಂದಿತು. ಆ ವರ್ಷದ ಏಪ್ರಿಲ್‌ನಲ್ಲಿ ಸರ್ಕಾರವು ಸಕಲ ಉದ್ಯಮಗಳಿಗೂ ಅನ್ವಯಿಸುವ ಇನ್ನೊಂದು ತರಬೇತಿ ವಂತಿಗೆಯನ್ನು ವಿಧಿಸಿತು. ವರ್ಷಕ್ಕೆ 30 ಲಕ್ಷ ಪೌಂಡುಗಳಿಗೆ ಮೀರಿ ಸಂಬಳ ಕೊಡುವ ಮಾಲೀಕರು, ಮೀರಿದ ಮೊತ್ತದ ಶೇಕಡ 0.5 ಭಾಗವನ್ನು ಸಲ್ಲಿಸಬೇಕಾಯಿತು. ದೊಡ್ಡ ಕಟ್ಟಡ ಕಂಪೆನಿಗಳು ಒಂದೇ ಕಾರ್ಯಕ್ಕೆ ಎರಡು ಕಡೆ ತೆರುವಂತಾಗಿ ಗೊಣಗತೊಡಗಿದವು. 2018ರ ವೇಳೆಗೆ ಮಂಡಲಿಯು ತನ್ನ ವಂತಿಗೆಯನ್ನು ಶೇಕಡ 0.5ರಿಂದ 0.35ಕ್ಕೆ ಇಳಿಸಿತು. ತೆರಿಗೆ ಮುರಿದುಕೊಂಡು ಒಳಗುತ್ತಿಗೆಯವರಿಗೆ ಕೊಡುವ ಹಣದ ಮೇಲಿನ ಶೇಕಡ 1.25 ಮಾತ್ರ ಹಾಗೆಯೇ ನಿಂತಿತು. ಮಹಾಮಾರಿಯ ಕಾಲದಲ್ಲಿ ಒಂದು ವರ್ಷದ ವಂತಿಗೆಯನ್ನು ಅರ್ಧಕ್ಕೆ ತಗ್ಗಿಸಬೇಕಾಯಿತು.

ಲೆಕ್ಕ ಹಾಕಿ ನೋಡಿದರೆ ಈ ಏರ್ಪಾಟಿನ ಮರ್ಮ ತಿಳಿಯುತ್ತದೆ. ವರ್ಷಕ್ಕೆ 10 ಲಕ್ಷ ಪೌಂಡು ಸಂಬಳ ಕೊಡುವ ಮಾಲೀಕ ಶೇಕಡ 0.35ರಂತೆ ತೆರಬೇಕಾದುದು 3,500 ಪೌಂಡು. ಅದೇ ಮಾಲೀಕ ಕಲಿಕೆಯ ಹುಡುಗನೊಬ್ಬನನ್ನು ಇಟ್ಟುಕೊಂಡರೆ, ಈಚಿನ ವರ್ಷಗಳ ನಿಯಮದಂತೆ ವರ್ಷಕ್ಕೆ 2,500 ಪೌಂಡೂ, ಹುಡುಗ ಕಲಿಕೆಯನ್ನು ಮುಗಿಸಿದಾಗ ಮತ್ತೆ 3,500 ಪೌಂಡೂ ಅವನಿಗೆ ಸಲ್ಲುತ್ತವೆ. ಮೂರು ವರ್ಷದ ಕಲಿಕೆಗೆ ಒಟ್ಟು 11,000. ಅವನು ಮೂರು ವರ್ಷ ತೆತ್ತುದು 10,500. ಒಬ್ಬನೇ ಹುಡುಗನಿಗೆ ಕಸಬು ಕಲಿಸಿದವನ ವಂತಿಗೆ ತೀರಿಹೋಯಿತು. ಯಾರಿಗೂ ಕಲಿಸದವನ ಹಣ ಕಲಿಸಿದವನ ಕೈ ಸೇರಿತು. ತೀರ ಸಣ್ಣ ಮಾಲೀಕರಿಗೆ ವಂತಿಗೆಯೇ ಇಲ್ಲ, ಅವರಿಗಿಂತ ಸ್ವಲ್ಪ ದೊಡ್ಡವರಿಗೆ ಅರ್ಧ. ಆದರೂ ಸಹಾಯಧನ ಕೇಳುವ ಹಕ್ಕು ಇಬ್ಬರಿಗೂ ಉಂಟು. ಹೊಸ ಹುಡುಗರು ಕರಣೆ ಹಿಡಿಯಲು ಕಲಿಯುವುದು ಬಹುಮಟ್ಟಿಗೆ ಇಂಥ ಸಣ್ಣವರ ಬಳಿಯಲ್ಲಿಯೇ ಎಂಬುದನ್ನು ನೆನೆದರೆ ಈ ರಿಯಾಯಿತಿಯ ಬೆಲೆ ಗೊತ್ತಾಗುತ್ತದೆ.

ನಿಧಿಯೇನೋ ಬಾವಿಯಂತೆ, ಸೇದುವವರು ಹೆಚ್ಚಿದರೆ ಹಗ್ಗ ನೆಲಕ್ಕೆ ತಗಲುತ್ತದೆ. 2025ರಲ್ಲಿ ಹಾಗೆಯೇ ಆಯಿತು. ಆ ವರ್ಷದ ಮಾರ್ಚಿಯಲ್ಲಿ ಸರ್ಕಾರವು, ಹದಿನೈದು ಲಕ್ಷ ಮನೆಗಳನ್ನು ಕಟ್ಟುವ ತನ್ನ ಗುರಿಗೆ ಬೇಕಾದ ಕೈಗಳಿಲ್ಲವೆಂದರಿತು, 60,000 ಮಂದಿ ಕೆಲಸಗಾರರನ್ನು ತರಬೇತಿಗೊಳಿಸಲು 60 ಕೋಟಿ ಪೌಂಡುಗಳನ್ನು ಘೋಷಿಸಿತು. ಅದೇ ವರ್ಷ ಮಂಡಲಿಯಾದರೋ, ತರಬೇತಿಯ ಬೇಡಿಕೆ ತನ್ನ ಆದಾಯವನ್ನು ಮೀರುತ್ತಿದೆಯೆಂದು ತಿಳಿಸಿ ಸಹಾಯವನ್ನು ಬಿಗಿಗೊಳಿಸತೊಡಗಿತು. ಒಂದು ಕೈ ನೀಡುತ್ತಿರುವಾಗಲೇ ಇನ್ನೊಂದು ಕೈ ಮಡಚಿಕೊಂಡಂತೆ ಇದು ಕಂಡರೆ ಆಶ್ಚರ್ಯವಲ್ಲ.

ಇಂಥ ಬದಲಾವಣೆಗಳು ದೊಡ್ಡ ಕಂಪೆನಿಗೆ ಲೆಕ್ಕದ ಪುಸ್ತಕದ ಒಂದು ಸಾಲು. ನಾಲ್ಕು ಆಳಿನ ಮಾಲೀಕನಿಗೆ ಹಾಗಲ್ಲ. ಈ ವರ್ಷ ಒಬ್ಬ ಹುಡುಗನನ್ನು ತೆಗೆದುಕೊಳ್ಳಲೇ, ಬೇಡವೇ ಎಂದು ಅವನು ರಾತ್ರಿ ಕುಳಿತು ಯೋಚಿಸುವಾಗ, ಬರುವ ವರ್ಷವೂ ಸಹಾಯಧನ ಇದ್ದೀತೆಂಬ ಭರವಸೆ ಅವನಿಗೆ ಬೇಕು. ಕಲಿಕೆಗೆ ಮೂರು ವರ್ಷ ಹಿಡಿಯುತ್ತದೆ. ನಿಯಮವು ವರ್ಷಕ್ಕೊಂದು ಬಾರಿ ಮಗ್ಗುಲು ಬದಲಿಸಿದರೆ ಅವನು ಹುಡುಗನನ್ನು ನಾಳೆ ಬಾ ಎಂದು ಕಳುಹಿಸುತ್ತಾನೆ. ಆ ನಾಳೆ ಬರುವುದೇ ಇಲ್ಲ. ಹುಡುಗ ಬೇರೆ ಯಾವುದೋ ಕೆಲಸ ಹಿಡಿಯುತ್ತಾನೆ. ಹತ್ತು ವರ್ಷದ ಮೇಲೆ ದೇಶವು ಮೇಸ್ತ್ರಿಗಳಿಲ್ಲವೆಂದು ಕೊರಗುತ್ತದೆ.

ಅಲ್ಲಿನ ಏರ್ಪಾಟಿನಲ್ಲಿ ಮೆಚ್ಚಬೇಕಾದ ಇನ್ನೊಂದು ಅಂಶವುಂಟು. ವಂತಿಗೆಯ ದರಕ್ಕೆ ಪಾರ್ಲಿಮೆಂಟಿನ ಒಪ್ಪಿಗೆ ಬೇಕು. ಅದಕ್ಕೂ ಮೊದಲು ತೆರುವ ಮಾಲೀಕರ ಪೈಕಿ ಅರ್ಧಕ್ಕೆ ಮೇಲ್ಪಟ್ಟವರ, ಅರ್ಧಕ್ಕಿಂತ ಹೆಚ್ಚಿನ ಹಣ ತೆರುವವರ ಸಮ್ಮತಿ ಬೇಕು. ಹಣ ಕೊಡುವವನನ್ನು ಕೇಳಿಯೇ ಹಣ ಕೇಳುವುದು ಎಲ್ಲ ಕಡೆಯೂ ಕಾಣಸಿಗುವ ಪದ್ಧತಿಯಲ್ಲ.

ನಮ್ಮ ದೇಶ ಈ ಪ್ರಶ್ನೆಗೆ ಬೇರೆ ಉತ್ತರ ಕೊಟ್ಟಿದೆ. ಬ್ರಿಟನ್ನಿನ ಕಾಯ್ದೆಗೆ ಮೂರು ವರ್ಷ ಮೊದಲೇ, 1961ರಲ್ಲಿ, ನಮ್ಮ ಅಪ್ರೆಂಟಿಸ್ ಕಾಯ್ದೆ ಬಂದಿತು. 2016ರಲ್ಲಿ ಪ್ರಾರಂಭವಾದ ರಾಷ್ಟ್ರೀಯ ಯೋಜನೆಯಂತೆ, ಕಲಿಕೆಯವನಿಗೆ ಮಾಲೀಕ ಕೊಡುವ ಭತ್ಯದಲ್ಲಿ ಕಾಲುಭಾಗವನ್ನು, ತಿಂಗಳಿಗೆ 1,500 ರೂಪಾಯಿಗೆ ಮೀರದಂತೆ, ಸರ್ಕಾರವು ಮಾಲೀಕನಿಗೆ ಹಿಂದಿರುಗಿಸುತ್ತಿತ್ತು. 2023ರಿಂದ ಆ ಪಾಲು ನೇರವಾಗಿ ಕಲಿಯುವವನ ಬ್ಯಾಂಕಿನ ಲೆಕ್ಕಕ್ಕೆ ಜಮೆಯಾಗತೊಡಗಿತು. ಕಟ್ಟಡದ ವೆಚ್ಚದ ಮೇಲೆ 1996ರ ಕಾಯ್ದೆಯಿಂದ ಆರಂಭವಾದ ಶೇಕಡ ಒಂದರ ಸುಂಕವೂ ಉಂಟು. ಅದು ಮುಖ್ಯವಾಗಿ ಕಾರ್ಮಿಕರ ಕ್ಷೇಮಕ್ಕಾಗಿ ಮೀಸಲಾದುದು, ಕಲಿಸಿದ ಮಾಲೀಕನಿಗೆ ಹಿಂದಿರುಗುವುದಲ್ಲ. ಆದರೆ ನಮ್ಮ ಊರುಗಳಲ್ಲಿ ಗಾರೆ ಕೆಲಸ ಕಲಿಯುವ ಹುಡುಗರಲ್ಲಿ ಬಹುಮಂದಿ ಯಾವ ಪಟ್ಟಿಯಲ್ಲಿಯೂ ಇಲ್ಲದೆ, ಮೇಸ್ತ್ರಿಯ ಕೈಯಾಳಾಗಿ ಇಟ್ಟಿಗೆ ಹೊರುತ್ತ, ನೋಡಿ ನೋಡಿ ಕಲಿಯುವವರು. ಅವರಿಗೆ ಕಲಿಸಿದ ಮೇಸ್ತ್ರಿಯ ಹೆಸರೂ ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ.

ಗೃಹಪ್ರವೇಶದ ದಿನ ಮೇಸ್ತ್ರಿಗೆ ಪಂಚೆ ಶಲ್ಯ ಉಡುಗೊರೆ ಕೊಟ್ಟು ಮರ್ಯಾದೆ ಮಾಡುವ ಸಂಪ್ರದಾಯ ಇನ್ನೂ ಅನೇಕ ಮನೆಗಳಲ್ಲಿ ಉಳಿದಿದೆ. ಆ ಕೈಗೆ ಕರಣೆ ಕೊಟ್ಟವನು ಯಾರೆಂದು ಕೇಳುವವರಿಲ್ಲ. ಕೇಳಿದ ದೇಶವೊಂದು ಅದಕ್ಕೆ ಬೆಲೆ ಕಟ್ಟಿ, ಆ ಬೆಲೆಯನ್ನು ಎಲ್ಲರಿಗೂ ಹಂಚಿ, ಅರುವತ್ತು ವರ್ಷಗಳಿಂದ ಅದರ ಲೆಕ್ಕವನ್ನು ತಿದ್ದುತ್ತಲೇ ಇದೆ. ತಿದ್ದುವುದು ತಪ್ಪಲ್ಲ, ತಿದ್ದುವ ಭರದಲ್ಲಿ ಕಲಿಸುವವನ ಕೈ ಬಿಡದಿದ್ದರೆ ಸಾಕು.