ಡೈರಿಯ ‘ನಾನು’ ಕ್ಲಾರಾ ಅಲ್ಲ, ಅವರ ಅಪ್ಪ

ಜರ್ಮನಿಯ ಹಳೇ 100 ಮಾರ್ಕ್ ನೋಟಿನ ಮೇಲೆ ಪಿಯಾನೋ ವಾದಕಿ ಕ್ಲಾರಾ ಶೂಮನ್ (1819-1896) ಅವರ ಚಿತ್ರವಿತ್ತು. 2002ರಲ್ಲಿ ಯೂರೋ ಬಂತು, ನೋಟು ಹೋಯಿತು. ಹೆಚ್ಚಿನವರ ನೆನಪಿನಲ್ಲಿ ಅವರು ಉಳಿದದ್ದು ಸಂಗೀತಗಾರ ರಾಬರ್ಟ್ ಶೂಮನ್ ಅವರ ಹೆಂಡತಿಯಾಗಿ. ಇತ್ತೀಚೆಗೆ ಗಾಳಿ ಬದಲಾಗಿದೆ. 1835ರಲ್ಲಿ, ಹದಿನಾರರ ಹುಡುಗಿಯಾಗಿ ಲೈಪ್‌ಜಿಗ್‌ನಲ್ಲಿ ಅವರು ನುಡಿಸಿದ ಸ್ವಂತ ಕನ್ಸರ್ಟೋ ಈಗ ಮತ್ತೆ ವೇದಿಕೆಗೆ ಬರುತ್ತಿದೆ. ‘ಮರೆತುಹೋದ ಸಂಯೋಜಕಿ’ ಎಂದು ಪರಿಚಯಿಸುತ್ತಾರೆ.

ಸಂತೋಷವೇ. ಆದರೆ 1856ರಲ್ಲಿ ಗಂಡ ತೀರಿಕೊಂಡ ಮೇಲೆ ಅವರು ಸಂಯೋಜಿಸಿದ್ದು ತೀರಾ ಕಡಿಮೆ. ವೇದಿಕೆಯಲ್ಲಿ ನುಡಿಸಿದ್ದು ಮಾತ್ರ ಅರವತ್ತು ವರ್ಷ! ನುಡಿಸಿದ್ದು ಗಾಳಿಯಲ್ಲಿ ಕರಗಿಹೋಗುತ್ತೆ, ಬರೆದದ್ದು ಉಳಿಯುತ್ತೆ. ಹಾಗಾಗಿ ಕಾಗದದಲ್ಲಿ ಸಿಕ್ಕಿದ್ದನ್ನಷ್ಟೇ ‘ಸೃಷ್ಟಿ’ ಅಂತ ಲೆಕ್ಕ ಹಾಕೋ ಅಭ್ಯಾಸ ನಮಗಿದೆ. ಹೆಣ್ಣುಮಕ್ಕಳ ದುಡಿಮೆ ಲೆಕ್ಕಕ್ಕೆ ಸಿಗದೇ ಹೋಗೋದು ಬಹುಪಾಲು ಹೀಗೇ ಅಲ್ವಾ?

ಹೋಗಲಿ, ಇರುವ ಕಾಗದವಾದರೂ ನಂಬಿಕಸ್ಥವಾ ಅಂದರೆ, ಅದೂ ಕಷ್ಟ. ಬಾಲ್ಯದ ಡೈರಿಯಲ್ಲಿ ‘ನಾನು’ ಎಂದು ಎಷ್ಟೋ ಕಡೆ ಬರೆದವರು ಅಪ್ಪ ಫ್ರೀಡ್ರಿಕ್ ವೀಕ್. ಮಗಳ ಗುರುವೂ ಅವರೇ, ಕಛೇರಿಗಳ ವ್ಯವಸ್ಥಾಪಕರೂ ಅವರೇ. ರಾಬರ್ಟ್ ಜೊತೆಗಿನ ಮದುವೆಗೆ ಅವರು ಒಪ್ಪದೆ, ಪ್ರಕರಣ ಕೋರ್ಟಿಗೆ ಹೋಗಿ, 1840ರಲ್ಲಿ ಮದುವೆಯಾಯಿತು. ಹಾಗಾಗಿ ಸಂಶೋಧಕರು ಡೈರಿಯ ಮಾತಿಗಿಂತ ಮೊದಲು ಕೈಬರಹ ಯಾರದ್ದು ಅಂತ ನೋಡಬೇಕು. ಮದುವೆಯ ಹಿಂದಿನ ವರ್ಷ, ಹೆಣ್ಣು ಸಂಯೋಜನೆಗೆ ಆಸೆಪಡಬಾರದು ಎಂಬರ್ಥದಲ್ಲಿ ಬರೆದುಕೊಂಡದ್ದು ಮಾತ್ರ ಕ್ಲಾರಾ ಅವರೇ. ಆ ವಾಕ್ಯಕ್ಕೆ ಅಷ್ಟು ವರ್ಷ ಆ ‘ನಾನು’ವನ್ನು ಓದುತ್ತಾ ಬೆಳೆದದ್ದೂ ಕಾರಣವಿರಬಹುದು ಅನ್ನೋದು ನನ್ನ ಅನುಮಾನ.

ಇದಕ್ಕಿಂತ ಬೆಲೆಬಾಳುವ ದಾಖಲೆ ಬೇರೆಯೇ ಇದೆ: ತ್ಸ್ವಿಕಾವ್ ಊರಿನಲ್ಲಿ ಉಳಿದಿರುವ ಅವರ ಸುಮಾರು 1,300 ಕಛೇರಿಗಳ ಕಾರ್ಯಕ್ರಮ ಪಟ್ಟಿಗಳು. ಯಾವ ಊರು, ಏನು ನುಡಿಸಿದರು, ಯಾವುದರ ನಂತರ ಯಾವುದು, ಎಲ್ಲ ಅಲ್ಲಿದೆ. 1854ರಲ್ಲಿ ರಾಬರ್ಟ್ ಮಾನಸಿಕ ಅಸ್ವಸ್ಥರ ಆಸ್ಪತ್ರೆ ಸೇರಿದಾಗ ಮಕ್ಕಳ ಹೊಣೆ ಇವರ ಮೇಲೆ ಬಿತ್ತು. ಅದೇ ವರ್ಷ ಮತ್ತೆ ಪ್ರವಾಸ ಹೊರಟರು. ಇದನ್ನು ‘ತ್ಯಾಗಮಯಿ ತಾಯಿ’ ಕಥೆ ಮಾಡೋದು ಸುಲಭ. ಪಟ್ಟಿಗಳಲ್ಲಿ ಕಾಣೋದು ತನ್ನ ಕಸುಬನ್ನು ಚೆನ್ನಾಗಿ ಬಲ್ಲ ವೃತ್ತಿಪರೆ.

ಆದರೂ ಪಟ್ಟಿಯಲ್ಲಿ ಇಲ್ಲದ್ದೊಂದಿದೆ. ಒಂದು ಕೃತಿಗೆ ಮುಂಚೆ ಅವರು ಸ್ಥಳದಲ್ಲೇ ಹುಟ್ಟಿದ ಸಣ್ಣ ಪೀಠಿಕೆ ನುಡಿಸುತ್ತಿದ್ದರು. ಆಲಾಪನೆ ಕೇಳಿ ಬೆಳೆದ ನಮಗೆ ಇದು ವಿಚಿತ್ರವೇನಲ್ಲ. 1895ರಲ್ಲಿ ಹೆಣ್ಣುಮಕ್ಕಳು ಕೇಳಿಕೊಂಡರು ಅಂತ ಅಂಥ ಕೆಲವನ್ನು ಬರೆದಿಟ್ಟರು. ಅವರ ಶಿಷ್ಯೆ ಫ್ಯಾನಿ ಡೇವಿಸ್ 1928ರಲ್ಲಿ ರಾಬರ್ಟ್ ಅವರ ಕನ್ಸರ್ಟೋ ಧ್ವನಿಮುದ್ರಿಸಿದ್ದು ಇನ್ನೊಂದು ಸುಳಿವು.

ಇವತ್ತು ನುಡಿಸುವವರ ಇಕ್ಕಟ್ಟು ಇಲ್ಲೇ. 1895ರ ಹಾಳೆಯನ್ನು ಚಾಚೂ ತಪ್ಪದೆ ನುಡಿಸಿದರೆ ಅವರು ಮಾಡುತ್ತಿದ್ದದ್ದು ಅದಲ್ಲ. ಅವರ ಹಾಗೆ ವೇದಿಕೆಯಲ್ಲೇ ಹೊಸೆಯಲು ಹೊರಟರೆ ಅವರ ಒಂದು ಸ್ವರವೂ ಅಲ್ಲಿರಲ್ಲ. ನಾನಂತೂ ಎರಡನೆಯದಕ್ಕೇ ಟಿಕೆಟ್ ತಗೋತೀನಿ.